ಕೈಕಾಲು ಕಡ್ಡಿ, ಹೊಟ್ಟೆ ಡಬ್ಬಿ

ಬ್ಯಾಡಗಿ ಎಂದರೆ ಎಲ್ಲರಿಗೂ ಮೆಣಸಿನಕಾಯಿ ನೆನಪಾಗುತ್ತದೆ. ಆ ಕಾಯಿಯ ಚೀಲಗಳನ್ನು ವರ್ಷವಿಡೀ ಮೈಮೇಲೆ ಹೊರುವ ತೂಕದ ಕಾಟಾದ ನೆನಪು ಯಾರಿಗೂ ಇಲ್ಲ. ಸೋಮವಾರ, ಗುರುವಾರ ಮಾರುಕಟ್ಟೆ ತುಂಬಿರುವಾಗ ಅದಕ್ಕೆ ಮಾತಿಗೆ ಬಿಡುವಿರುವುದಿಲ್ಲವೆಂದು ಒಂದು ಮಂಗಳವಾರ ಮಧ್ಯಾಹ್ನ ದಲಾಲಿ ಅಂಗಡಿಯ ಕಟ್ಟೆಗೆ ಹೋದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರಾದ ಕಾಯಿ ಅದು. ನನ್ನ ಸೀನುಗಳಿಗೆ ಮಾತ್ರ ಆ ವಿಷಯ ಗೊತ್ತಿದ್ದಂತಿರಲಿಲ್ಲ.

ನಾನು: ನಿಮ್ಮ ಮೇಲೆ ಮನುಷ್ಯರೂ ಹತ್ತುತ್ತಾರಂತೆ?

ಕಾಟಾ: ಕೊನೇ ಚೀಲ ಇಳಿಸೂದಕ್ಕ ಪುರಸತ್ತಿಲ್ರಿ, ಒಬ್ಬ ಹತ್ತಿ ನಿಂತಿರತಾನ. ಗುಮಾಸ್ತ, ಲಾರಿ ಡ್ರೈವರ್, ಖರೀದಿದಾರ, ಎಲ್ಲಾರೂ. ಚಪ್ಪಲಿ ಬಿಡತಾರ, ಕಿಸೆದಾಗಿನ ಮೊಬೈಲ್ ತಗದಿಡತಾರ. ಹೊಟ್ಟಿ ತಗದಿಡಾಕ ಬರಂಗಿಲ್ಲ, ಅದಕ್ಕ ಉಸಿರು ಎಳಕೊಂಡು ನಿಲ್ಲತಾರ. ಉಸಿರು ಎಳಕೊಂಡ್ರ ತೂಕ ಇಳೀತೈತಿ ಅಂತ ಇವರಿಗೆ ಯಾರು ಹೇಳ್ಯಾರೋ!

ನಾನು: ಅಂಕಿ ನೋಡಿ ಏನನ್ನುತ್ತಾರೆ?

ಕಾಟಾ: ಮೊನ್ನೆ ಒಬ್ಬ ಗುಮಾಸ್ತ ಹತ್ತಿದ. ಐದಡಿ ಆರಿಂಚು ಎತ್ತರ, 62 ಕಿಲೋ. ಮೊಬೈಲಿನಾಗ ಲೆಕ್ಕಾ ಹಾಕಿದ. ಬಿಎಂಐ 22, ಹಸಿರು ಬಣ್ಣ, ‘ನಾರ್ಮಲ್’. ಆ ಖುಷಿಗೆ ಅಲ್ಲೇ ಎರಡು ಪ್ಲೇಟ್ ಮಿರ್ಚಿ ಭಜಿ ತರಿಸಿದ. ಬ್ಯಾಡಗಿ ಕಾಯಾಗ ಎರಡು ಜಾತಿ, ಕಡ್ಡಿ ಮತ್ತ ಡಬ್ಬಿ, ಗೊತ್ತೈತಲ್ರಿ? ಇವನ ಕೈಕಾಲು ಕಡ್ಡಿ, ಹೊಟ್ಟಿ ಡಬ್ಬಿ. ಎರಡೂ ಮಾಲು ಒಂದ ಚೀಲದಾಗ! ಅವನ ಹಿಂದ ಅಷ್ಟ ಎತ್ತರದ ಹಮಾಲ ಹತ್ತಿದ. 72 ಕಿಲೋ, ಬಿಎಂಐ ಇಪ್ಪತ್ತೈದೂವರಿ. ಮೊಬೈಲ್ ಕೆಂಪಾತು. ದಿನಾ ಬೆಳಗ್ಗಿಂದ ಸಂಜೀತನಕ ಚೀಲ ಹೊರೋ ಬೆನ್ನು ಅದು. ಪಾಪ, ಅಂವ ಅವತ್ತು ರಾತ್ರಿ ಒಂದು ರೊಟ್ಟಿ ಕಡಿಮಿ ತಿಂದನಂತ.

ನಾನು: ಅಂದರೆ ತಪ್ಪು ನಿಮ್ಮದೇ?

ಕಾಟಾ: ನನ್ನ ಮ್ಯಾಲೆ ಅಪವಾದ ಹಾಕಬ್ಯಾಡ್ರಿ. ವರ್ಷಕ್ಕೊಮ್ಮೆ ಸರಕಾರದವರು ಬಂದು ನನ್ನನ್ನ ಪರೀಕ್ಷೆ ಮಾಡಿ ಮುದ್ರಿ ಒತ್ತತಾರ. ನಾ ಹೇಳೂದು ತೂಕ ಒಂದ. ಅದನ್ನ ಎತ್ತರದ ವರ್ಗದಿಂದ ಭಾಗಿಸೋ ಲೆಕ್ಕಾ ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆದು, 1832ರಾಗ. ಅಂವ ಡಾಕ್ಟರಲ್ಲ, ಆಕಾಶ ನೋಡೋ ಗಣಿತದವ. ‘ಸರಾಸರಿ ಮನುಷ್ಯ’ ಹೆಂಗಿರತಾನ ಅನ್ನೂದು ಅವನ ಕುತೂಹಲ. ಆ ಲೆಕ್ಕಕ್ಕ ಬಾಡಿ ಮಾಸ್ ಇಂಡೆಕ್ಸ್, ಅಂದ್ರ ಬಿಎಂಐ, ಅಂತ ಹೆಸರಿಟ್ಟಾಂವ ಅಮೆರಿಕದ ಆನ್ಸೆಲ್ ಕೀಸ್, 1972ರಾಗ. ಮಂದೀನ್ನ ಗುಂಪಾಗಿ ಅಳಿಯಾಕ ಹುಟ್ಟಿದ ಲೆಕ್ಕಾರಿ ಅದು. ಇವರು ಅದನ್ನ ಒಬ್ಬೊಬ್ಬರ ಹಣೇಬರಾ ಮಾಡಿಕೊಂಡ್ರು.

ನಾನು: ಕಾಟಾ ಇಷ್ಟೆಲ್ಲ ಓದಿಕೊಂಡದ್ದು ಎಲ್ಲಿ?

ಕಾಟಾ: ಮಧ್ಯಾಹ್ನ ನನ್ನ ಮ್ಯಾಲೆ ಕುಂತು ಬುತ್ತಿ ಬಿಚ್ಚತಾರ್ರಿ. ಸುತ್ತಿದ ಪೇಪರ್ ಅಲ್ಲೇ ಬಿಟ್ಟು ಹೋಗತಾರ. ಅರ್ಧ ಸುದ್ದಿ ಮ್ಯಾಲೆ ಶೇಂಗಾ ಚಟ್ನಿ ಇರತೈತಿ, ಉಳಿದರ್ಧ ಓದತೀನಿ.

(ಚಟ್ನಿ ತಾಗದ ಒಂದು ಸುದ್ದಿ ನನ್ನ ಬಳಿಯೂ ಇತ್ತು, ಹೇಳಿದೆ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಅಕ್ಕಪಕ್ಕ ಅಚ್ಚಾಯಿತು. ಒಬ್ಬರು ಪುಣೆಯ ಚಿತ್ತರಂಜನ ಯಾಜ್ಞಿಕ, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ನರದು ಶೇ 9.1, ಯಾಜ್ಞಿಕರದು ಶೇ 21.2.)

ಕಾಟಾ: ಇಬ್ಬರೂ ನನ್ನ ಮ್ಯಾಲೆ ಹತ್ತಿದ್ರ ಇಬ್ಬರಿಗೂ ‘ನಾರ್ಮಲ್’ ಚೀಟೀನ ಸಿಗತಿತ್ತು. ನೋಡ್ರಿ, ಅದಕ್ಕ ಕೇಳತೀನಿ. ಈ ಮಾರ್ಕೆಟ್ಟಿನಾಗ ಯಾವ ಖರೀದಿದಾರ ಬರೇ ತೂಕ ನೋಡಿ ಕಾಯಿ ತಗೋತಾನ? ಮುಷ್ಟಿ ತುಂಬ ಹಿಡಿದು ಹಿಸುಕತಾನ, ತೇವ ಐತೇನು ಅಂತ. ಮುರದು ಒಳಗ ನೋಡತಾನ. ಬಿಸಿಲಿಗೆ ಹಿಡಿದು ಬಣ್ಣ ನೋಡತಾನ. ಬಣ್ಣ ತೆಗಿಯೋ ಕಾರ್ಖಾನಿಯವರು ಲ್ಯಾಬಿಗೆ ಕಳಿಸಿ ಅಂಕಿ ತರಿಸತಾರ. ಹಸಿ ಕಾಯಿ ಹೆಚ್ಚು ತೂಗತೈತಿ, ಅದಕ್ಕ ಕಡಿಮಿ ದರ ಬರೀತಾರ. ಇಷ್ಟು ಶಾಣ್ಯಾ ಮನುಷ್ಯಾ ಟೆಂಡರ್ ಮುಗಿಸಿ ತಾನ ನನ್ನ ಮ್ಯಾಲೆ ಹತ್ತತಾನಲ್ಲ, ಆವಾಗ ಹಿಸುಕೂದಿಲ್ಲ, ಮುರಿಯೂದಿಲ್ಲ. 62 ಅಂದ್ರ 62, ಫಸ್ಟ್ ಕ್ಲಾಸ್ ಮಾಲು!

ನಾನು: ತೂಕ ಸರಿ, ಬೆಲೆ ತಪ್ಪು ಎನ್ನುತ್ತೀರಿ.

ಕಾಟಾ: ಹೊಸಾದಲ್ರಿ ಅದು. 2024ರ ಮಾರ್ಚ್‌ನಾಗ ದರ ಬಿದ್ದು ರೈತರು ಸಿಟ್ಟಿಗೆದ್ದು ಇಲ್ಲಿನ ಎಪಿಎಂಸಿ ಕಚೇರಿಗೆ ಬೆಂಕಿ ಹಚ್ಚಿದ್ರಲ್ಲ, ಅವತ್ತೂ ನನ್ನ ತೂಕ ಸರೀನ ಇತ್ತು.

ನಾನು: ಇರಲಿ, ಮೈಯ ಮಾತಿಗೆ ಬರೋಣ. ಒಳಗಿನ ಕೊಬ್ಬಿನಿಂದ ಅಷ್ಟೇನು ಕೇಡು? ಹೊರಗೆ ಕಾಣುವುದೇ ಇಲ್ಲವಲ್ಲ.

ಕಾಟಾ: ಕಾಣದ್ದಕ್ಕ ಕೇಡು. ಉಂಡ ಊಟದಾಗಿನ ಸಕ್ಕರಿಯೊಳಗ ದೊಡ್ಡ ಪಾಲು ಎಳಕೊಳ್ಳೂದು ಸ್ನಾಯು. ಇವರ ತೋಳು ತೊಡಿ ಸೊರಗಿದ್ರ ಅದು ರಕ್ತದಾಗ ಉಳೀತೈತಿ. ಚರ್ಮದ ಕೆಳಗಿನ ಕೊಬ್ಬು ತಕ್ಕಮಟ್ಟಿಗೆ ಸುಮ್ಮನಿರತೈತಿ. ಕರುಳಿನ ಸುತ್ತ, ಯಕೃತ್ತಿನೊಳಗ ಕೂಡೂದು ಹಂಗಲ್ಲ, ಅದು ಇನ್ಸುಲಿನ್ ಮಾತು ನಡೀಗೊಡೂದಿಲ್ಲ. ಮಜಾ ಅಂದ್ರ, ಇಂಥವ ಹದಿನೈದು ದಿನ ಉಪವಾಸ ಮಾಡಿ ಮೂರು ಕಿಲೋ ಇಳಿಸಿ ಬರತಾನ. ಸುತ್ತ ನಿಂತವರು ಚಪ್ಪಾಳಿ. ಆ ಮೂರು ಕಿಲೋದಾಗ ಕೊಬ್ಬು ಎಷ್ಟು, ನೀರು ಎಷ್ಟು, ಇದ್ದ ಚೂರು ಸ್ನಾಯು ಎಷ್ಟು ಅಂತ ಒಬ್ಬರೂ ಕೇಳೂದಿಲ್ಲ.

ನಾನು: ಇವರೆಲ್ಲ ಕೂತು ತಿಂದು ಹೀಗಾದವರೇ?

ಈ ಪ್ರಶ್ನೆಗೆ ಕಾಟಾ ಕೂಡಲೇ ಉತ್ತರಿಸಲಿಲ್ಲ. ಅಂಗಳದಾಚೆ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದರು.

ಕಾಟಾ: ಅರ್ಧ ಹೌದು. ಉಳಿದರ್ಧ ಹುಟ್ಟಾ ಬಂದದ್ದು. ನನ್ನ ತಂಗಿ ಒಬ್ಬಾಕಿ ಅದಾಳ, ಹೆರಿಗಿ ವಾರ್ಡಿನಾಗ ಕೂಸು ತೂಗೋ ತಕ್ಕಡಿ. ಆಕಿ ಹೇಳತಾಳ, ಕಡೀಗೆ ಉಣ್ಣೋ ತಾಯಿಗೆ ಸಣ್ಣ ಕೂಸು ಹುಟ್ಟತೈತಿ ಅಂತ. ನಿಮ್ಮ ಯಾಜ್ಞಿಕರ ಊರಿನ ಕಡೆ ಹಳ್ಳಿಗಳಾಗ ತೂಗಿ ನೋಡ್ಯಾರ, ಕೂಸು ಸರಾಸರಿ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ನಿನಾಗ 3.5. ನಮ್ಮ ಕೂಸಿನಾಗ ಕಡಿಮಿಯಾದದ್ದು ಯಾವುದು? ಸ್ನಾಯು, ಹೊಟ್ಟಿಯೊಳಗಿನ ಅಂಗಾಂಗ. ಬೆನ್ನಿನ ಕೊಬ್ಬು ಹೆಚ್ಚೂಕಡಿಮಿ ಹಂಗ ಉಳದಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು 1934ರಿಂದ ಕೂಸುಗಳ ತೂಕ ಬರೆದಿಟ್ಟಿದ್ರು. ಆ ಕೂಸುಗಳು ದೊಡ್ಡವರಾದ ಮ್ಯಾಲೆ ಹುಡುಕಿ ನೋಡಿದ್ರ, ಎರಡೂವರಿ ಕಿಲೋ ಅಥವಾ ಅದಕ್ಕೂ ಕಡಿಮಿ ಹುಟ್ಟಿದವರಾಗ ನೂರಕ್ಕ 11 ಮಂದಿಗೆ ಹೃದಯದ ಕಾಯಿಲಿ, 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ಹುಟ್ಟಿದವರಾಗ ನೂರಕ್ಕ 3 ಮಂದಿಗೆ. ಸಕ್ಕರಿ ಕಾಯಿಲಿ ಲೆಕ್ಕಾ ಬ್ಯಾರೆ ಬಂತು. ಉದ್ದ ಕಡಿಮಿ, ಮೈ ದುಂಡಗ ಹುಟ್ಟಿದವರಿಗೆ ಅದು ಹೆಚ್ಚು. ನನ್ನ ತಂಗಿ ಬರೆದ ಅಂಕಿ ಅವು. ಆಕಿ ಅಂಕಿಗೆ ಅರವತ್ತು ವರ್ಷ ಆಯುಷ್ಯ, ನನ್ನ ಅಂಕಿಗೆ ಲಾರಿ ಹೊರಡೂತನಕ.

ನಾನು: ಹಾಗಾದರೆ ಸರಿಯಾಗಿ ಅಳೆಯುವವರು ಯಾರು?

ಕಾಟಾ: ರಾಣೆಬೆನ್ನೂರಿನ ಯಾವ ದರ್ಜಿ ಅಂಗಡಿಗಾದ್ರೂ ಹೋಗ್ರಿ. ಕೊರಳಾಗ ನೇತಾಡತೈತಲ್ಲ ಟೇಪು, ಅದಕ್ಕ ಎಲ್ಲಾ ಗೊತ್ತು. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80, ಅದರ ಮ್ಯಾಲೆ ಹೋದ್ರ ಹುಷಾರು ಅಂತ ನಮ್ಮ ದೇಶದ ಡಾಕ್ಟರರ ಲೆಕ್ಕಾ. ಬಿಎಂಐ ಗೆರಿ ಸೈತ ನಮಗ 25ಕ್ಕಲ್ಲ, 23ಕ್ಕ ಎಳದಾರ. ಆದ್ರ ಟೇಪಿನ ಮಾತು ಯಾರು ಕೇಳತಾರ್ರಿ? ‘ಎರಡಿಂಚು ಬಿಟ್ಟು ಹೊಲೀರಿ’ ಅಂತಾರ. ಪ್ಯಾಂಟು ಹೊಟ್ಟಿ ಕೆಳಗ ಕಟ್ಟತಾರ, ‘ಹತ್ತು ವರ್ಷದಿಂದ ಅದ ಸೈಜು’ ಅಂತ ಹೇಳಿಕೊಂಡು ತಿರಗತಾರ.

ನಾನು: ಈಗ ಜಿಮ್ಮುಗಳಲ್ಲಿ ಕೊಬ್ಬಿನ ಶೇಕಡಾವಾರು ಹೇಳುವ ಕಾಟಾಗಳೂ ಬಂದಿವೆ.

ಕಾಟಾ: ಅಂವ ನನ್ನ ತಮ್ಮ. ಅಂಗಾಲಿಗೆ ತುಸು ಕರೆಂಟ್ ಬಿಟ್ಟು ಅಂದಾಜು ಹೇಳತಾನ. ಒಂದು ತಂಬಿಗಿ ನೀರು ಕುಡಿದು ಹತ್ತಿದ್ರ ಅಂದಾಜು ಬದಲಾಕ್ಕೈತಿ. ಅವನಿಗೆ ಮುದ್ರಿ ಒತ್ತಿದಾರೇನು ಕೇಳ್ರಿ.

ಅಣ್ಣತಮ್ಮಂದಿರ ಜಗಳಕ್ಕೆ ನಾನು ಹೋಗಲಿಲ್ಲ. ಐಸಿಎಂಆರ್‌ನ ಇಂಡಿಯಾಬ್ ಎಂಬ ಮಧುಮೇಹ ಸಮೀಕ್ಷೆ ನೆನಪಿಸಿದೆ. 2023ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ಬಿಎಂಐ ಪ್ರಕಾರ ಬೊಜ್ಜಿನವರು ಶೇ 28.6, ಸೊಂಟದ ಅಳತೆಯ ಪ್ರಕಾರ ಶೇ 39.5.

ಕಾಟಾ: ನಡುವ ಉಳಿದವರು ನೂರಕ್ಕ ಹತ್ತು ಮಂದೀಗಿಂತ ಹೆಚ್ಚಾತಲ್ರಿ? ಅವರ ನೋಡ್ರಿ ನನ್ನ ಮ್ಯಾಲಿಂದ ನಕ್ಕೋತ ಇಳಿಯೋರು.

ನಾನು: ನಿಮ್ಮ ಜಿಲ್ಲೆಯವರಿಗೆ ಮೈಕಟ್ಟಿನ ಮೇಲೆ ಅಭಿಮಾನವೇ ಇಲ್ಲವೆ?

ಕಾಟಾ: ಇಲ್ಲದೇನು? ದೀಪಾವಳಿ ಬಂತಂದ್ರ ಹಾವೇರಿ ಸೀಮಿ ತುಂಬ ಹೋರಿ ಹಬ್ಬ. ಕೊಬ್ಬರಿ ಕಟ್ಟಿದ ಹೋರಿ ಓಡಿದ್ರ ಊರಿಗೆ ಊರ ಅದರ ಹಿಂದ. ಆ ಹೋರಿಗೆ ಹುರಳಿ, ಹತ್ತಿಕಾಳು ಹಾಕೂದೇನು, ಮೈ ತಿಕ್ಕೂದೇನು! ಬೆನ್ನು, ಹಿಣಿಲು, ತೊಡಿ ಮುಟ್ಟಿ ಮುಟ್ಟಿ ನೋಡತಾರ, ತೂಕ ಕೇಳೂದ ಇಲ್ಲ. ದಿನಾ ನಸುಕಿನಾಗ ಓಡಸತಾರ. ಹೋರಿ ಓಡತೈತಿ, ಮಾಲೀಕ ಹಿಂದ ಬೈಕ್ ಮ್ಯಾಲೆ.

ಅಷ್ಟರಲ್ಲಿ ಹಮಾಲರು ಎದ್ದು ಮೈ ಮುರಿದರು. ಹೊರಡುವ ಮೊದಲು ಆಸೆ ತಡೆಯಲಾಗದೆ ಚಪ್ಪಲಿ ಬಿಟ್ಟು, ಪೆನ್ನು ತೆಗೆದಿಟ್ಟು ನಾನೂ ಹತ್ತಿದೆ. ಉಸಿರು ತಾನಾಗಿಯೇ ಒಳಗೆ ಹೋಯಿತು.

ನಾನು: ಎಷ್ಟಾಯಿತು?

ಕಾಟಾ: ಇಳೀರಿ ಸಾಹೇಬ್ರ. ಮೆಣಸಿನಕಾಯಿ ಆದ್ರ ಚೀಲದ ತೂಕ ಕಳದು ಮಾಲಿನ ತೂಕ ಹೇಳತಿದ್ದೆ. ನಿಮ್ಮಾಗ ಚೀಲ ಯಾವುದು, ಮಾಲು ಯಾವುದು ಅಂತ ನನಗ ಹೆಂಗ ತಿಳೀಬೇಕು?