ಭಾವನ ಟೈಂ

ಐಮಂಗಲದ ಬಸ್ ನಿಲ್ಲುವ ಜಾಗಕ್ಕೆ ಎದುರಾಗಿ ನಮ್ಮ ಭಾವನ ಗೊಬ್ಬರದ ಅಂಗಡಿ. ಮೊನ್ನೆ ಒಂದು ಬೆಳಿಗ್ಗೆ ಹತ್ತೂವರೆಗೆ, ಚಿತ್ರದುರ್ಗದ ಆಸ್ಪತ್ರೆಗೆಂದು ಚೀಟಿ ಹಿಡಿದು ಹೊರಟಿದ್ದ ಅಜ್ಜನೊಬ್ಬ ಅಂಗಡಿ ಮುಂದೆ ನಿಂತು, "ಟೈಂ ಎಷ್ಟಾತು ಸಾವ್ಕಾರ್ರೆ?" ಎಂದು ಕೇಳಿದ. ಭಾವ ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ, "ಎರಡು ಗಂಟೆ ಹದಿನಾಲ್ಕು ನಿಮಿಷ ಮೂವತ್ತೇಳು ಸೆಕೆಂಡು" ಅಂದರು. ಡಾಕ್ಟರು ಒಂದಕ್ಕೆಲ್ಲ ಎದ್ದು ಹೋಗುತ್ತಾರೆಂದು ಗೊತ್ತಿದ್ದ ಅಜ್ಜ, "ಅಯ್ಯೋ ಶಿವನೆ, ಹೊತ್ತು ಹೋತಲ್ಲ!" ಎಂದು ಹಣೆ ಚಚ್ಚಿಕೊಂಡು ಮನೆಗೆ ವಾಪಸು ನಡೆದ.

ಅಜ್ಜ ಕೇಳಿದ್ದು ಊರಿನ ಟೈಂ, ಭಾವ ಹೇಳಿದ್ದು ತಮ್ಮ ಟೈಂ. ಬೆಂಗಳೂರಿನ ಒಂದು ಹಾಫ್ ಮ್ಯಾರಥಾನಿನಲ್ಲಿ 21 ಕಿಲೋಮೀಟರು 97.5 ಮೀಟರನ್ನು ಅವರು ಅಷ್ಟರಲ್ಲಿ ಓಡಿ ಮುಗಿಸಿದ್ದಾರೆ. ಹಿಂದಿನ ಸಲ ಇದೇ ದೂರಕ್ಕೆ ಎರಡು ಗಂಟೆ ಹತ್ತೊಂಬತ್ತು ನಿಮಿಷ ಐವತ್ತೆರಡು ಸೆಕೆಂಡು ಹಿಡಿದಿತ್ತು. ಐದೂ ಕಾಲು ನಿಮಿಷದ ಉಳಿತಾಯ. ಆ ಉಳಿದ ಐದೂ ಕಾಲು ನಿಮಿಷವನ್ನು ಅಂದಿನಿಂದ ಇಂದಿನವರೆಗೆ ಊರಿನವರ ಮೇಲೆ ಖರ್ಚು ಮಾಡುತ್ತಲೇ ಇದ್ದಾರೆ, ಇನ್ನೂ ಮುಗಿದಿಲ್ಲ.

ಇಂಥವರು ಈಗ ಊರಿಗೊಬ್ಬರು ಸಿಗುತ್ತಾರೆ. ಬ್ಯಾಂಕಿನಲ್ಲಿ, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಮದುವೆ ಪಂಕ್ತಿಯಲ್ಲಿ ನಿಮ್ಮ ಪಕ್ಕದ ಎಲೆಯಲ್ಲಿ. ವಯಸ್ಸು ನಲವತ್ತು ದಾಟಿರುತ್ತದೆ, ಕೈಗೆ ಅಂಗೈಯಗಲದ ಗಡಿಯಾರ, ಮಾತಿಗೆ ಮುಂಚೆ ಮೊಬೈಲಿನಲ್ಲಿ ಒಂದು ನಕ್ಷೆ. ಹಿಂದೆ ಈ ವಯಸ್ಸಿನವರು ಶಬರಿಮಲೆಗೆ ಹೋಗಿ ಬಂದು ಹೇಳುತ್ತಿದ್ದರು. ಅದಕ್ಕೆ ಕೊನೆಗೆ ಪ್ರಸಾದವಾದರೂ ಸಿಗುತ್ತಿತ್ತು.

ಭಾವನ ಓಟ ಶುರುವಾದದ್ದು ಸಕ್ಕರೆಯಿಂದ. ಡಾಕ್ಟರು ನಡೆಯಿರಿ ಎಂದರು, ಇವರು ನಡೆದರು. ಐಮಂಗಲದಲ್ಲಿ ಹೆದ್ದಾರಿ ಬಿಟ್ಟರೆ ಉದ್ದಕ್ಕೆ ನಡೆಯಲು ಸರ್ವಿಸ್ ರೋಡೇ ಗತಿ. ಒಂದು ಕಡೆ ಹಿರಿಯೂರು, ಇನ್ನೊಂದು ಕಡೆ ದುರ್ಗ, ಎರಡೂ ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರು. ಅಂದರೆ ಯಾವ ಕಡೆ ಹೊರಟರೂ ಹಾಫ್ ಮ್ಯಾರಥಾನ್ ತಾನೇ ತಾನಾಗಿ ಸಿದ್ಧವಾಗಿರುವ ಊರು ನಮ್ಮದು. ಇಷ್ಟು ವರ್ಷ ನಾವು ಇದನ್ನು ಗಮನಿಸದೆ ಬಸ್ಸಿನಲ್ಲಿ ಓಡಾಡಿ ದಡ್ಡರಾದೆವು ಎಂಬುದು ಭಾವನ ಅಭಿಪ್ರಾಯ. ನಡಿಗೆಯಲ್ಲಿ ಒಂದು ನಾಯಿ ಬೆನ್ನಟ್ಟಿದ ದಿನ ಓಟ ಆರಂಭವಾಯಿತು. ನಾಯಿ ಅರ್ಧ ಫರ್ಲಾಂಗಿಗೇ ಬೇಸತ್ತು ನಿಂತಿತು. ಭಾವ ನಿಲ್ಲಲಿಲ್ಲ.

ಓಟ ಮುಗಿಸಿ ಬೆಂಗಳೂರಿನಿಂದ ಬಂದ ದಿನ ಬಸ್ಸಿಳಿಯುತ್ತಲೇ ಚಹಾದ ಅಂಗಡಿಯಲ್ಲಿ "ನಂದು ಪಿ.ಬಿ. ಆಯ್ತು!" ಎಂದು ಘೋಷಿಸಿದರು. ಪರ್ಸನಲ್ ಬೆಸ್ಟ್, ಅಂದರೆ ತನ್ನ ಮಟ್ಟಿಗಿನ ದಾಖಲೆ. ಆದರೆ ನಮ್ಮೂರಿಗೆ ಗೊತ್ತಿರುವ ಪಿ.ಬಿ. ಒಂದೇ, ಪಿ.ಬಿ. ರೋಡು. ಪೂನಾ-ಬೆಂಗಳೂರು ರಸ್ತೆ. ಅದು ಅಗಲವಾದಾಗಲೆಲ್ಲ ಯಾರದಾದರೂ ಜಮೀನು ಹೋಗುತ್ತದೆ. ಹಾಗಾಗಿ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಕನಿಕರದಿಂದ, "ಎಷ್ಟು ಗುಂಟೆ ಹೋತಪ್ಪ? ಪರಿಹಾರ ಬಂತಾ?" ಎಂದು ಕೇಳಿದರು.

ಭಾವ ಬಿಡಿಸಿ ಹೇಳಿದರು. ಹೇಳಿದ್ದು ಇನ್ನೂ ಕಷ್ಟಕ್ಕೆ ಬಂತು.

"ಹಂಗಾರೆ ಓಟದ ಸ್ಪರ್ಧೆ ಅನ್ನು. ಎಷ್ಟನೇ ಬಹುಮಾನ?"

"ಬಹುಮಾನಕ್ಕಲ್ಲ ಗೌಡ್ರೆ. ನನ್ನನ್ನ ನಾನೇ ಸೋಲಿಸಿದೆ."

"ಅಂದ್ರೆ ಸೋತಿದ್ದೂ ನೀನೇನಾ?"

ಈ ಪ್ರಶ್ನೆಗೆ ಭಾವನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರವೂ ಇಲ್ಲ. ಎರಡು ಸಾವಿರದ ಮುನ್ನೂರ ಆರನೆಯವರಾಗಿ ಬಂದೆ ಎಂದು ಹೇಳುವ ಧೈರ್ಯ ಅವರಿಗೆ ಆ ಕ್ಷಣಕ್ಕೆ ಬರಲಿಲ್ಲ. ಬಂದಿದ್ದರೆ, "ಅಷ್ಟು ಜನ ಮುಂದಿರೋ ಹೊತ್ತಿಗೆ ಇವನು ಯಾಕೆ ಹೋದ?" ಎಂಬ ಚರ್ಚೆ ಸಂಜೆತನಕ ನಡೆಯುತ್ತಿತ್ತು.

ಟೈಮಿನ ವಿಚಾರಕ್ಕೆ ಬಂದರೆ ಅದೂ ಒಂದೇ ಅಲ್ಲ, ಮೂರು. ಪಿಸ್ತೂಲು ಹಾರಿದಾಗಿನಿಂದ ಎಣಿಸಿದರೆ ಎರಡು ಗಂಟೆ ಹದಿನೆಂಟು ನಿಮಿಷ ಚಿಲ್ಲರೆ. ಯಾಕೆಂದರೆ ಗುಂಪಿನಲ್ಲಿ ತಳ್ಳಾಡಿಕೊಂಡು ಹೊರಡುವ ಗೆರೆ ಮುಟ್ಟುವುದಕ್ಕೇ ನಾಲ್ಕು ನಿಮಿಷ ಹೋಗಿದೆ. ಎದೆಯ ನಂಬರಿನ ಹಿಂದೆ ಅಂಟಿಸಿರುವ ಚಿಪ್ಪು ಗೆರೆಯಿಂದ ಗೆರೆಗೆ ಎಣಿಸಿದ್ದು 2:14:37. ಸರ್ಟಿಫಿಕೇಟಿನಲ್ಲಿ ಎರಡೂ ಅಚ್ಚಾಗಿವೆ. ಅದನ್ನು ಹಿಡಿದು ತೆಗೆಸಿಕೊಂಡ ಫೋಟೋದಲ್ಲಿ ಭಾವನ ಹೆಬ್ಬೆರಳು ಪಿಸ್ತೂಲಿನ ಟೈಮಿನ ಮೇಲೆ ಕರೆಕ್ಟಾಗಿ ಕೂತಿದೆ. ಮೂರನೆಯದು ಕೈಗಡಿಯಾರದ್ದು. ಅದರ ಪ್ರಕಾರ ಭಾವ ಓಡಿದ್ದು 21.34 ಕಿಲೋಮೀಟರು. ಅಂದರೆ ಸಂಘಟಕರು 240 ಮೀಟರು ಹೆಚ್ಚಿಗೆ ಓಡಿಸಿದ್ದಾರೆ, ಸರಿಯಾದ ಜಾಗಕ್ಕೆ ನಿಲ್ಲಿಸಿದ್ದರೆ ನಿಜವಾದ ಟೈಂ ಎರಡು ಗಂಟೆ ಹದಿಮೂರು ನಿಮಿಷ ಐದು ಸೆಕೆಂಡು. ಓಟದ ದಾರಿಯನ್ನು ಅಳೆಯುವವರು ಪ್ರತಿ ತಿರುವಿನಲ್ಲೂ ಅತಿ ಹತ್ತಿರದ ಗೆರೆ ಹಿಡಿದು ಅಳೆಯುತ್ತಾರೆ, ನೀವು ನೀರಿನ ಮೇಜಿಗೆ, ನೆರಳಿಗೆ, ಫೋಟೋದವನ ಕಡೆಗೆ ಸೊಟ್ಟಗೆ ಓಡಿದರೆ ಮೀಟರು ಏರುತ್ತದೆ ಎಂದು ನಾನೆಲ್ಲೋ ಓದಿದ್ದನ್ನು ಹೇಳಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನಾನು ಆರಾಮಾಗಿದ್ದೆ.

ಮೂರನೇ ದಿನ ಚರಿತ್ರೆ ಹಿಡಿದುಕೊಂಡು ಬಂದರು. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದರು, 2 ಗಂಟೆ 50 ನಿಮಿಷದಲ್ಲಿ. ನೂರು ವರ್ಷದ ಹಿಂದೆ, ಹಡಗಿನಲ್ಲಿ ಹೋಗಿ. ಕೇಳಿದರೆ ಮೈ ಜುಮ್ಮೆನ್ನುವ ಸಂಗತಿ. ಆದರೆ ಭಾವನ ಮೈ ಜುಮ್ಮೆಂದದ್ದು ಬೇರೆ ಕಾರಣಕ್ಕೆ. ಆ ಸಲದ ದಾರಿ 42.75 ಕಿಲೋಮೀಟರು ಇತ್ತು, ಈಗಿನ 42.195ಕ್ಕಿಂತ 555 ಮೀಟರು ಜಾಸ್ತಿ. "ನೋಡಿದ್ಯಾ? ಅವತ್ತಿನಿಂದಲೂ ನಮ್ಮವರಿಗೆ ಹೆಚ್ಚಿಗೆ ಓಡಿಸ್ತಾ ಬಂದಿದಾರೆ." ಆ ದಾರಿ ಎಲ್ಲ ದೇಶದವರಿಗೂ ಅಷ್ಟೇ ಇತ್ತಲ್ಲ ಭಾವ ಎನ್ನಲು ಬಾಯಿ ತೆರೆದು, ಅಕ್ಕನ ಮುಖ ನೋಡಿ ಮುಚ್ಚಿಕೊಂಡೆ. ಆ 42.195ರ ಕಥೆಯನ್ನೂ ಅವರೇ ಹೇಳಿದರು. 1908ರಲ್ಲಿ ಲಂಡನ್ನಿನ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಯಬೇಕಿತ್ತು, ಅದಕ್ಕೆ ಅಷ್ಟುದ್ದವಾಯಿತು, 1921ರಲ್ಲಿ ಅದನ್ನೇ ಖಾಯಂ ಮಾಡಿದರು. ಅದರಲ್ಲಿ ಅರ್ಧ ಈಗ ಐಮಂಗಲದ ಗೊಬ್ಬರದ ಅಂಗಡಿಯ ಪಾಲಿಗೆ ಬಂದಿದೆ.

ಮನೆಯೊಳಗಿನ ಬದಲಾವಣೆ ಬೇಗ ಹೇಳಿ ಮುಗಿಸುತ್ತೇನೆ. ಯೂರಿಯಾ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಭಾವ ದಿನಾ ಬೆಳಿಗ್ಗೆ ತಾವೇ ಹತ್ತಿ ನಿಲ್ಲುತ್ತಾರೆ. 50 ಕೆ.ಜಿ. ಇದ್ದ ಯೂರಿಯಾ ಚೀಲ 2018ರಲ್ಲಿ 45ಕ್ಕೆ ಇಳಿಯಿತು, ನಾನು 82ರಿಂದ 74ಕ್ಕೆ ಇಳಿದೆ, ಸರ್ಕಾರಕ್ಕಿಂತ ಮೂರು ಕೆ.ಜಿ. ಮುಂದಿದ್ದೇನೆ ಎನ್ನುತ್ತಾರೆ. ಕಾರ್ಬನ್ ಪ್ಲೇಟಿನ ಬೂಟಿನ ರಸೀತಿ ಡಿ.ಎ.ಪಿ. ಬಿಲ್ಲುಗಳ ನಡುವೆ ಭದ್ರವಾಗಿದೆ. ಓಡುವಾಗ ಹೀರುವ ಜೆಲ್ ಪೊಟ್ಟಣಗಳು ಫ್ರಿಜ್ಜಿನಲ್ಲಿದ್ದವು. ಅವರ ತಾಯಿ ಅದನ್ನು ಮಂಡಿನೋವಿನ ಮುಲಾಮು ಎಂದು ತಿಳಿದು ಎರಡು ಪೊಟ್ಟಣ ಹಚ್ಚಿಕೊಂಡು ಮಲಗಿದರು. ರಾತ್ರಿ ಇರುವೆ ಮುತ್ತಿ ಮನೆಯವರೆಲ್ಲ ಎದ್ದರು. ಆದರೆ ಮಂಡಿ ಅವತ್ತಿನಿಂದ ಹಗುರಾಗಿದೆ ಎಂದು ಅಜ್ಜಿ ಇವತ್ತಿಗೂ ಹೇಳುತ್ತಾರೆ, ಇನ್ನೊಂದು ಪೊಟ್ಟಣ ಕೇಳುತ್ತಾರೆ.

ವಿಸ್ತಾರವಾಗಿ ಹೇಳಬೇಕಾದದ್ದು ಟೆಂಪೋ ಪ್ರಕರಣ.

ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಬೆಳಕು ಹರಿಯುವ ಮುಂಚೆ ತರಬೇತಿಯ ಹುಡುಗರು ಸಾಲುಗಟ್ಟಿ ಓಡುವುದು ನಮಗೆ ಕೋಳಿ ಕೂಗಿದಷ್ಟೇ ಸಹಜ. ಪೊಲೀಸ್ ಕೆಲಸಕ್ಕೆ ಸೇರಲು ಗಂಡುಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಸೇರಿದ ಮೇಲೆ ಓಟ ಕಡಿಮೆಯಾಗುವುದಿಲ್ಲ. ಆರೂವರೆ ನಿಮಿಷದ ಅದೇ ವೇಗದಲ್ಲಿ ಹಾಫ್ ಮ್ಯಾರಥಾನ್ ಪೂರ್ತಿ ಓಡಿದರೆ ಒಂದು ಗಂಟೆ ಇಪ್ಪತ್ತಾರು ನಿಮಿಷದೊಳಗೆ ಮುಗಿಯುತ್ತದೆ ಎಂದು ಭಾವನೇ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದ್ದರು. ಹಾಗೆ ಮಾಡಿ ನೋಡಲು ಊರಿನ ಹುಡುಗರ ಜೊತೆ ಒಂದು ದಿನ ಹೊರಟು, ಆರುನೂರು ಮೀಟರಿಗೆ ಬೂಟಿನ ದಾರ ಬಿಚ್ಚಿತೆಂದು ಕೂತಿದ್ದರು.

ಟೆಂಪೋ ಪ್ರಕರಣ ನಡೆದದ್ದು ಆಷಾಢದ ಒಂದು ದಿನ. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡುವ ಹೊತ್ತು, ಯೂರಿಯಾ ಸಿಗದೆ ರೈತರು ಅಂಗಡಿ ಅಂಗಡಿ ಅಲೆಯುತ್ತಿದ್ದರು. ದುರ್ಗದ ಕಡೆ ಮುಖ ಮಾಡಿ ಓಡಿದರೆ ಗಾಳಿ ಎದೆಗೇ ಗುದ್ದುತ್ತದೆ, ನಮ್ಮ ಗುಡ್ಡಗಳ ಮೇಲೆ ಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಭಾವ ಆ ಗಾಳಿಗೆ ತಲೆ ಬಗ್ಗಿಸಿ ಓಡುತ್ತಿದ್ದಾಗ ಹಿಂದೆ ದಬದಬ ಸದ್ದು ಕೇಳಿಸಿದೆ. ತಿರುಗಿ ನೋಡಿದರೆ ತರಬೇತಿಯ ಹುಡುಗರ ಪಡೆ. ಇವರಿಗೆ ಹಟ ಬಂತು. ಹಿಂದೆ ಹಾಕಿಸಿಕೊಳ್ಳಬಾರದೆಂದು ಜೀವ ಬಿಟ್ಟು ಓಡಿದರು. ಹುಡುಗರಿಗೆ ತಮ್ಮ ಮುಂದೆ ಒಬ್ಬರು ಸ್ಪರ್ಧೆಯಲ್ಲಿದ್ದಾರೆ ಎನ್ನುವುದೇ ಗೊತ್ತಿರಲಿಲ್ಲ, ಅವರ ಪಾಡಿಗೆ ಅವರು ಬಂದರು.

ಹಾಲು ಹಾಕಿ ಬರುತ್ತಿದ್ದವನೊಬ್ಬ ಇದನ್ನು ನೋಡಿದ. ಅವನು ನೋಡಿದ್ದಿಷ್ಟು: ಮುಂದೆ ಗೊಬ್ಬರದಂಗಡಿ ಸಾವ್ಕಾರ್ರು, ಕಣ್ಣು ಕೆಂಪಗೆ, ತಿರುತಿರುಗಿ ನೋಡುತ್ತಾ ಓಡುತ್ತಿದ್ದಾರೆ. ಹಿಂದೆ ಪೊಲೀಸರು, ಒಬ್ಬರಲ್ಲ ಇಬ್ಬರಲ್ಲ, ಒಂದು ಪಡೆ.

ಭಾವ ಬೆವರಿಳಿಸಿಕೊಂಡು ವಾಪಸು ಬರುವಷ್ಟರಲ್ಲಿ ಅಂಗಡಿ ಮುಂದೆ ನಲವತ್ತು ಜನ. "ಸಾವ್ಕಾರ್ರೆ, ಅವರು ಬಂದು ಸೀಲ್ ಹಾಕೋ ಮುಂಚೆ ನಮಗೆ ಎರಡೆರಡು ಚೀಲ ಕೊಟ್ಟುಬಿಡ್ರಿ. ಎಲ್ಲಿ ಬಚ್ಚಿಟ್ಟಿದೀರ ಅಂತ ನಾವು ಕೇಳಲ್ಲ." ಭಾವ ಉಸಿರು ಸಂಭಾಳಿಸಿಕೊಂಡು, "ಏ, ಏನೂ ಇಲ್ಲ ಕಣ್ರಪ್ಪ, ಇವತ್ತು ಟೆಂಪೋ ಇತ್ತು, ಅಷ್ಟೇ" ಅಂದರು. ಟೆಂಪೋ ರನ್ ಎಂದರೆ ಒಂದೇ ಬಿರುಸಿನಲ್ಲಿ ಓಡುವ ಅಭ್ಯಾಸ. ಕೇಳಿದವರಿಗೆ ಅಷ್ಟು ಸಾಕಾಯಿತು. ಯೂರಿಯಾ ರಾತ್ರೋರಾತ್ರಿ ಟೆಂಪೋದಲ್ಲಿ ಹೋಗಿದೆ ಎಂಬ ಸುದ್ದಿ ತಿಂಡಿ ಹೊತ್ತಿಗೆ ಹಿರಿಯೂರು ಮುಟ್ಟಿತು. ಅದು ಭಾವನಿಗಿಂತ ಬಹಳ ಒಳ್ಳೆಯ ಟೈಂ. ಮಧ್ಯಾಹ್ನ ಅಧಿಕಾರಿಗಳು ಬಂದು ಸ್ಟಾಕು ಎಣಿಸಿದರು. ಲೆಕ್ಕ ಸರಿ ಇತ್ತು. ಅವರಿಗೂ ಭಾವ ಗಡಿಯಾರ ತೋರಿಸಿ, ಹುಡುಗರು ಹಿಂದಿದ್ದ ಆ ಐದು ಕಿಲೋಮೀಟರೇ ತಮ್ಮ ಜೀವಮಾನದ ಅತ್ಯುತ್ತಮ ಐದು ಕಿಲೋಮೀಟರು ಎಂದು ವಿವರಿಸಿದರು. ಅಧಿಕಾರಿಗಳು ಕಾಫಿ ಬಿಟ್ಟು ಎದ್ದರು.

ಈಗ ಓಟದ ಕಥೆಯನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಮೂರನೇ ಕಿಲೋಮೀಟರಿನಲ್ಲಿ ಕಬ್ಬನ್ ಪಾರ್ಕಿನ ತಂಪು. ಹನ್ನೊಂದರಲ್ಲಿ ಏರು. ಹದಿನೆಂಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಂಡದ್ದು. ತಿಥಿ ಊಟದಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಹದಿನೆಂಟು ಬರುತ್ತದೆ. ಯಾರಾದರೂ ನಡುವೆ ಬಾಯಿ ಹಾಕಿದರೆ ಮತ್ತೆ ಹೊರಡುವ ಗೆರೆಯಿಂದ ಶುರು, ಮಧ್ಯದಿಂದ ಮುಂದುವರಿಸುವ ವ್ಯವಸ್ಥೆ ಆ ಕಥೆಯಲ್ಲಿಲ್ಲ. ಒಮ್ಮೆ ನಾನೂ ಗಡಿಯಾರ ಇಟ್ಟು ನೋಡಿದೆ. ಹೇಳಿ ಮುಗಿಸಲು ಎರಡು ಗಂಟೆ ಮೂವತ್ತೊಂದು ನಿಮಿಷ ಬೇಕಾಯಿತು. ಓಡಿದ್ದಕ್ಕಿಂತ ಹದಿನಾರು ನಿಮಿಷ ಹೆಚ್ಚು, ಅದೂ ಕುರ್ಚಿಯಲ್ಲಿ ಕೂತು. 2024ರಲ್ಲಿ ವೆಲೆನ್ಸಿಯಾದಲ್ಲಿ ಇಥಿಯೋಪಿಯಾದ ಯೋಮಿಫ್ ಕೆಜೆಲ್ಚಾ ಇದೇ ದೂರವನ್ನು 57 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದರಂತೆ. ಆ ಹೊತ್ತಿಗೆ ಭಾವನ ಕಥೆಯಲ್ಲಿ ಇನ್ನೂ ಎಂಟನೇ ಕಿಲೋಮೀಟರಿನ ಬಾಳೆಹಣ್ಣು.

ಅಕ್ಕ ಮಾತ್ರ ಸೊಪ್ಪು ಹಾಕುವುದಿಲ್ಲ. ಪಿ.ಬಿ. ಮಾಡಿ ಬಂದ ದಿನ ಆರತಿ ತರುತ್ತಾಳೆಂದು ಭಾವ ಹೊಸಿಲಲ್ಲಿ ಸ್ವಲ್ಪ ಹೊತ್ತು ನಿಂತರಂತೆ. "1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ಕ್ಕೆ. 89 ವರ್ಷ ಸುಮ್ಮನಿತ್ತು ಅದು. ಅದಕ್ಕೆ ಬಾಗಿನ ಕೊಟ್ಟೆ. ನೀವು ಐದು ನಿಮಿಷಕ್ಕೆ ಇಷ್ಟು ಸದ್ದು ಮಾಡ್ತೀರಲ್ಲ, ಒಳಗೆ ಬನ್ನಿ, ಮುದ್ದೆ ಆರ್ತಿದೆ" ಅಂದಳು.

ಆದರೆ ಅಕ್ಕನಿಗೂ ಒಂದು ನಂಬರು ಬಾಯಿಪಾಠ. ಮೂರು ತಿಂಗಳ ಸಕ್ಕರೆ ಲೆಕ್ಕ 8.1 ಇದ್ದದ್ದು 6.3ಕ್ಕೆ ಬಂದಿದೆ, ಮಾತ್ರೆ ಅರ್ಧವಾಗಿದೆ. ಬಾವಿಕಟ್ಟೆ, ದೇವಸ್ಥಾನ, ಬಸ್ಸು, ಎಲ್ಲೆಲ್ಲೂ ಇದನ್ನೇ ಹೇಳುತ್ತಾಳೆ, ಮೂವತ್ತು ಸೆಕೆಂಡಿನಲ್ಲಿ ಮುಗಿಸುತ್ತಾಳೆ. ಭಾವನನ್ನು ಕೇಳಿ ನೋಡಿ, ಅವರಿಗೆ ಆ ನಂಬರು ನೆನಪಿಲ್ಲ. "ಅದೇನೋ ಕಡಿಮೆ ಆಯ್ತಂತೆ. ಅದಿರಲಿ, ಹದಿನೆಂಟನೇ ಕಿಲೋಮೀಟರಿಗೆ ಏನಾಯ್ತು ಅಂದ್ರೆ..."

ಸದ್ಯಕ್ಕೆ ಐಮಂಗಲದಲ್ಲಿ ಕಿವಿಗಳ ದಾಸ್ತಾನು ಖಾಲಿಯಾಗಿದೆ. ಚಹಾದ ಅಂಗಡಿಯವರು ಭಾವ ಬರುವುದು ಕಂಡರೆ ರೇಡಿಯೋ ಜೋರು ಮಾಡುತ್ತಾರೆ. ಮುಂದಿನ ಓಟಕ್ಕೆ ಇನ್ನೂ ನಾಲ್ಕು ತಿಂಗಳಿದೆ, ಅಲ್ಲಿಯವರೆಗೆ ಹೊಸ ಟೈಂ ಬರುವುದಿಲ್ಲ, ಹಳೆಯದನ್ನು ಕೇಳುವವರಿಲ್ಲ. ಮನುಷ್ಯ ಸೊರಗುತ್ತಿದ್ದಾರೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ ಕಡೆ ಹೋಗುವವರು ಹಿರಿಯೂರು ದಾಟಿದ ಮೇಲೆ ಸರ್ವಿಸ್ ರೋಡಿಗೆ ಇಳಿದು ಐಮಂಗಲದಲ್ಲಿ ಗಾಡಿ ನಿಲ್ಲಿಸಿ. ಗೊಬ್ಬರದ ಅಂಗಡಿ ಯಾರನ್ನು ಕೇಳಿದರೂ ತೋರಿಸುತ್ತಾರೆ, ತೋರಿಸಿ ಓಡಿಹೋಗುತ್ತಾರೆ. "ಟೈಂ ಎಷ್ಟು?" ಎಂದಷ್ಟೇ ಕೇಳಿದರೆ ಸಾಕು. ಚಹಾ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಭಾವನ ಲೆಕ್ಕ. ಊಟಕ್ಕೆ ಕಾಯಬೇಡಿ ಎಂದು ಮನೆಗೆ ಮೊದಲೇ ಫೋನ್ ಮಾಡಿರಿ.