ಮೊಳೆ ಹೊಡೆಯಲು ಒಂದು ಗೋಡೆ

ಬಾಡಿಗೆ ಮನೆಯ ಓನರುಗಳಲ್ಲಿ ಬಗೆಬಗೆಯವರಿದ್ದಾರೆ. ರಾತ್ರಿ ಹತ್ತರ ಮೇಲೆ ಗೇಟು ತೆಗೆಯುವುದಿಲ್ಲ ಎನ್ನುವವರು, ನೆಂಟರು ಮೂರನೇ ದಿನವೂ ಉಳಿದರೆ ಸಂಪಿನ ಮುಚ್ಚಳ ತೆಗೆದು ನೀರು ನೋಡುವವರು, ತಿಂಗಳ ಒಂದನೇ ತಾರೀಕು ಮಾತ್ರ ನಮ್ಮ ಆರೋಗ್ಯ ವಿಚಾರಿಸುವವರು. ಇಷ್ಟು ಬಗೆಯವರಿದ್ದರೂ ಬೀಗದ ಕೈ ಕೊಡುವಾಗ ಎಲ್ಲರೂ ಹೇಳುವ ಮಾತು ಒಂದೇ: “ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ.” ಹಾಗಾಗಿ ನಮ್ಮ ಬಾಡಿಗೆ ಮನೆಗಳಲ್ಲಿ ದೇವರ ಪಟಗಳು ಷೆಲ್ಫಿನಲ್ಲಿ ಒರಗಿ ನಿಲ್ಲುತ್ತವೆ, ಸೊಸೈಟಿ ಬ್ಯಾಂಕಿನ ಕ್ಯಾಲೆಂಡರು ಕಿಟಕಿಯ ಸರಳಿಗೆ ಜೋತುಬೀಳುತ್ತದೆ, ಕಟ್ಟು ಹಾಕಿಸಿದ ಅಜ್ಜ ಅಜ್ಜಿಯ ಫೋಟೊ ಬೀರುವಿನ ಮೇಲೆ, ಸೂಟ್‌ಕೇಸಿನ ಹಿಂದೆ, ಹಳೇ ಸೀರೆ ಸುತ್ತಿಕೊಂಡು ಸ್ವಂತ ಮನೆಯ ಗೃಹಪ್ರವೇಶಕ್ಕೆ ಕಾಯುತ್ತಿರುತ್ತದೆ.

ಅಂತರಜಾಲದಲ್ಲಿ ಫೋಟೊ ಇಡುವವರ ಪಾಡೂ ಇದೇ. ಅಲ್ಲಿಯ ಓನರು ಮಾತ್ರ ಬೇರೆ ಜಾತಿಯವನು. ಮೊದಲ ದಿನ ಅವನಷ್ಟು ಉದಾರಿ ಇನ್ನೊಬ್ಬನಿಲ್ಲ. ಬನ್ನಿ, ಬಾಡಿಗೆ ಬೇಡ, ಎಷ್ಟು ಬೇಕಾದರೂ ಮೊಳೆ ಹೊಡೆಯಿರಿ, ಸುತ್ತಿಗೆಯೂ ನಮ್ಮದೇ ಎನ್ನುತ್ತಾನೆ. ನಾವು ಗೋಡೆ ತುಂಬ ಪಟ ತೂಗುಹಾಕಿ ಮೈಮರೆತಿರುವಾಗ ಗೋಡೆಯನ್ನೇ ಕೆಡವುತ್ತಾನೆ. ಲಕ್ಷಾಂತರ ಜನ ಬಿಟ್ಟಿ ಜಾಗ ಪಡೆದು ನಾಯಿ, ಬೆಕ್ಕು, ಮದುವೆ ಫೋಟೊಗಳನ್ನು ಏರಿಸಿಟ್ಟಿದ್ದ ಜಿಯೊಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ಅದಕ್ಕೂ ಎರಡು ವರ್ಷ ಮೊದಲೇ ತನ್ನ ಫೋಟೊ ತಾಣಕ್ಕೆ ಬಾಗಿಲು ಹಾಕಿತ್ತು. 2017ರಲ್ಲಿ ಫೋಟೊಬಕೆಟ್ ಎಂಬ ತಾಣ ಮಾಡಿದ್ದು ಇನ್ನೂ ಮಜವಾಗಿತ್ತು. ನಮ್ಮಲ್ಲಿಟ್ಟ ಚಿತ್ರವನ್ನು ಬೇರೆ ಪುಟಗಳಲ್ಲಿ ತೋರಿಸಬೇಕೆಂದರೆ ವರ್ಷಕ್ಕೆ 399 ಡಾಲರ್ ಕಟ್ಟಿ ಎಂದುಬಿಟ್ಟಿತು. ಮೋಟಾರ್‌ಬೈಕಿನ ಕಾರ್ಬುರೇಟರ್ ಬಿಚ್ಚುವುದನ್ನು ಫೋಟೊ ಸಮೇತ ಹೇಳಿಕೊಟ್ಟಿದ್ದ ಎಷ್ಟೋ ಪುಟಗಳಲ್ಲಿ ಒಂದೇ ದಿನ ಎಲ್ಲ ಫೋಟೊಗಳೂ ಹೋಗಿ ಹಣ ಕೇಳುವ ಫಲಕ ಬಂತು. “ಚಿತ್ರದಲ್ಲಿ ತೋರಿಸಿರುವ ಸ್ಕ್ರೂ ಮೊದಲು ಬಿಚ್ಚಿ” ಎಂದು ಬರೆದ ಕಡೆಯಲ್ಲೂ ಅದೇ ಫಲಕ. ಬಿಚ್ಚಿದ ಕಾರ್ಬುರೇಟರನ್ನು ಎದುರಿಗಿಟ್ಟುಕೊಂಡು ಕೂತಿದ್ದವರ ಗತಿ ಏನಾಯಿತೋ!

ನಮ್ಮ ಮನೆಯಲ್ಲಿ ಈ ಮಾತು ಬಂದದ್ದು ಚಿಕ್ಕಪ್ಪನ ಟ್ರಂಕಿನ ದೆಸೆಯಿಂದ. ಅದರ ತುಂಬ ಹಳೆಯ ಫೋಟೊಗಳು. ಸ್ಟುಡಿಯೋದ ಪರದೆಯ ಮೇಲೆ ಬರೆದ ತಾಜ್‌ಮಹಲಿನ ಮುಂದೆ ನಿಂತ ಮದುಮಕ್ಕಳು, ಸೈಕಲ್ ಹಿಡಿದು ನಿಂತ ಸೈಕಲ್ ಬಾರದ ದೊಡ್ಡಪ್ಪ, ಕ್ಯಾಮೆರಾ ನೋಡಿ ಬೆಚ್ಚಿದ ಮಕ್ಕಳು. ಇವನ್ನೆಲ್ಲ ಸ್ಕ್ಯಾನ್ ಮಾಡಿ ಯಾವುದಾದರೂ ಬಿಟ್ಟಿ ತಾಣದಲ್ಲಿ ಹಾಕೋಣ ಎಂದು ನನ್ನ ಯೋಚನೆ. ಸಾಫ್ಟ್‌ವೇರಿನಲ್ಲಿರುವ ಅಕ್ಕನ ಮಗ ಒಪ್ಪಲಿಲ್ಲ. “ಬೇಡ ಮಾಮ, ಕಂಡೋರ ಮನೇಲಿ ಯಾಕೆ? ನಮ್ದೇ ಒಂದು ವೆಬ್‌ಸೈಟ್ ಮಾಡಣ” ಎಂದ.

ಸ್ವಂತದ್ದು ಎಂದರೂ ಅಲ್ಲಿ ಎಲ್ಲವೂ ಬಾಡಿಗೆಯೇ. ವಿಳಾಸದ ಹೆಸರಿಗೆ ವರ್ಷಕ್ಕಿಷ್ಟು, ಚಿತ್ರಗಳು ಕೂರುವ ಸರ್ವರಿನ ಜಾಗಕ್ಕೆ ವರ್ಷಕ್ಕಿಷ್ಟು. ಹಾಗಾದರೆ ಸ್ವಂತದ್ದು ಯಾವುದಯ್ಯ ಎಂದು ಕೇಳಿದೆ. ಹೆಸರು ನಮ್ಮದು, ಚಿತ್ರಗಳ ಮೂಲ ಪ್ರತಿ ನಮ್ಮ ಹತ್ತಿರ; ಈ ಸರ್ವರಿನವನು ಕಿರಿಕಿರಿ ಮಾಡಿದರೆ ಗಂಟುಮೂಟೆ ಕಟ್ಟಿ ಇನ್ನೊಂದಕ್ಕೆ ಹೋಗಬಹುದು, ವಿಳಾಸ ಬದಲಾಗುವುದಿಲ್ಲ, ಬರುವವರಿಗೆ ಗೊತ್ತೂ ಆಗುವುದಿಲ್ಲ ಎಂದ. ಮನೆ ಬದಲಾಯಿಸಿದಾಗಲೆಲ್ಲ ಗ್ಯಾಸ್ ಪುಸ್ತಕ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಹಿಡಿದು ಊರೆಲ್ಲ ಸುತ್ತಿದ ನನಗೆ ಇದು ಸಣ್ಣ ಸುಖವೆನಿಸಲಿಲ್ಲ.

ನಾವು ಮಾಡಹೊರಟಂತೆ ಒಂದು ಪುಟದಲ್ಲಿ ಅಕ್ಷರದ ಮಗ್ಗುಲಲ್ಲೇ ಚಿತ್ರ ಕಾಣುವುದನ್ನು ಈಗ ಯಾರೂ ಸೋಜಿಗ ಎನ್ನುವುದಿಲ್ಲ. ಜಿನೀವಾ ಬಳಿಯ ಸರ್ನ್ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್ ಲೀ ಜಾಲವನ್ನು ಹೆಣೆದಾಗ ಅದು ಬಹುಮಟ್ಟಿಗೆ ಓದುವವರ ಜಾಗ. 1992ರಲ್ಲಿ ಆತನೇ ಕೇಳಿ ಹಾಕಿಸಿಕೊಂಡ ಫೋಟೊ ಯಾವ ಪರಮಾಣುವಿನದೂ ಅಲ್ಲ. ಅದೇ ಕೇಂದ್ರದ ಹೆಂಗಸರು ಕಟ್ಟಿಕೊಂಡಿದ್ದ ಹಾಡಿನ ತಂಡದ್ದು. ಜಾಲಕ್ಕೆ ಬಂದ ಮೊಟ್ಟಮೊದಲ ಕೆಲವು ಫೋಟೊಗಳಲ್ಲಿ ಅದೂ ಒಂದು. ಮರುವರ್ಷ ಫೆಬ್ರವರಿಯಲ್ಲಿ ಮಾರ್ಕ್ ಆಂಡ್ರೀಸನ್ ಎಂಬ ಹುಡುಗ, ಪುಟದ ಒಳಗೇ ಚಿತ್ರ ತೋರಿಸಲು ‘ಇಮ್ಜ್’ ಎಂಬ ಪುಟ್ಟ ಗುರುತು ಇದ್ದರೆ ಹೇಗೆ ಎಂದು ಬಲ್ಲವರ ಮುಂದಿಟ್ಟ. ಹಾಗಲ್ಲ, ಚಿತ್ರಕ್ಕಷ್ಟೇ ಏಕೆ, ಎಲ್ಲ ಬಗೆಯ ಕಡತಕ್ಕೂ ಒಗ್ಗುವ ಗುರುತು ಬೇಕು ಎಂದು ಚರ್ಚೆ ಶುರುವಾಯಿತು. ಚರ್ಚೆ ನಡೆಯುತ್ತಿರಲಿ ಎಂದು ಬಿಟ್ಟು ಆತ ತನ್ನ ಮೊಸಾಯಿಕ್ ಬ್ರೌಸರಿನಲ್ಲಿ ಅದನ್ನು ಸೇರಿಸಿಯೇಬಿಟ್ಟ. ಇಂದಿಗೂ ಅದೇ ಗುರುತು ನಡೆಯುತ್ತಿದೆ. ಸಭೆ ಮುಗಿಯುವ ತನಕ ಕಾಯದವರಿಂದಲೇ ಕೆಲವು ಕೆಲಸ ಆಗುತ್ತವೆ ಎಂದು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸದಸ್ಯನಾಗಿ ನಾನು ಬಲ್ಲೆ.

ಅದೇ 1993ರಲ್ಲಿ ಕೇಂಬ್ರಿಜ್‌ನ ಕಂಪ್ಯೂಟರ್ ಪ್ರಯೋಗಾಲಯದವರು ತಮ್ಮ ಕಾಫಿ ಪಾತ್ರೆಯ ಚಿತ್ರವನ್ನು ಜಗತ್ತಿಗೆಲ್ಲ ತೋರಿಸತೊಡಗಿದರು. ಮಹಡಿ ಇಳಿದು ಬಂದು ನೋಡಿದರೆ ಪಾತ್ರೆ ಖಾಲಿ ಇರುತ್ತಿತ್ತು. ಅದಕ್ಕೇ ಒಂದು ಕ್ಯಾಮೆರಾ ಇಟ್ಟಿದ್ದರು. ಅಡ್ಡ 128 ಚುಕ್ಕೆ, ಉದ್ದ 128 ಚುಕ್ಕೆಯ ಕಪ್ಪು ಬಿಳುಪು ಚಿತ್ರ. ಅದರಲ್ಲಿ ಕಾಫಿ ಇದೆಯೋ ಇಲ್ಲವೋ ಎಂದು ಭೂಮಿಯ ಇನ್ನೊಂದು ತುದಿಯಲ್ಲಿ ಕೂತವರು ನೋಡಿ ಸಂತೋಷಪಟ್ಟರು. 2001ರಲ್ಲಿ ಕ್ಯಾಮೆರಾ ನಿಂತಾಗ ಆ ಪಾತ್ರೆಯನ್ನು ಹರಾಜಿನಲ್ಲಿ ಜರ್ಮನಿಯ ಪತ್ರಿಕೆಯೊಂದು ಮೂರು ಸಾವಿರಕ್ಕೂ ಹೆಚ್ಚು ಪೌಂಡ್ ಕೊಟ್ಟು ಕೊಂಡಿತು. ನಮ್ಮ ಮನೆಯಲ್ಲಿ ಡಿಕಾಕ್ಷನ್ ಇದೆಯೋ ಇಲ್ಲವೋ ತಿಳಿಯಲು ಕ್ಯಾಮೆರಾ ಬೇಕಿಲ್ಲ. ಕೇಳಿದಾಗ ಒಳಗಿನಿಂದ ಬರುವ ದನಿಯಲ್ಲೇ ಗೊತ್ತಾಗುತ್ತದೆ.

ನಮ್ಮ ಕಡೆ ಆ ಕಾಲದ ಚಿತ್ರಗಳು ಸಾವಕಾಶವಾಗಿ ಬರುತ್ತಿದ್ದವು. ಟೆಲಿಫೋನ್ ತಂತಿಯ ಮೇಲೆ ಜಾಲ ಬರುತ್ತಿದ್ದ ಸೈಬರ್ ಕೆಫೆಗಳಲ್ಲಿ ಗಂಟೆಗೆ ಇಷ್ಟು ಎಂದು ದುಡ್ಡು. ಅಮೆರಿಕದ ಗಂಡಿನ ಫೋಟೊ ಈಮೇಲಿನಲ್ಲಿ ಬಂದಿದೆ ಎಂದರೆ ಹೆಣ್ಣಿನ ಕಡೆಯವರು ನಾಲ್ಕು ಜನ ಒಂದೇ ಕುರ್ಚಿಯ ಸುತ್ತ ನಿಲ್ಲುತ್ತಿದ್ದರು. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯುವುದು. ಮೊದಲು ಆಕಾಶ, ಆಮೇಲೆ ಯಾವುದೋ ಸೇತುವೆಯ ತುದಿ, ಬಹಳ ಹೊತ್ತಾದ ಮೇಲೆ ಕೂದಲು. “ಕೂದಲೇನೋ ಇದೆ” ಎಂದು ಅಷ್ಟರಲ್ಲೇ ಒಂದು ನೆಮ್ಮದಿ. ಹಣೆ ಇಳಿಯುತ್ತಿರುವಾಗ ಲೈನ್ ಕಟ್ಟಾಗುವುದು. ಮತ್ತೆ ಆಕಾಶದಿಂದ ಶುರು. ಇನ್ನೊಂದು ಬಗೆಯ ಚಿತ್ರವಿತ್ತು. ಅದು ಮೊದಲೇ ಪೂರ್ತಿ ಮಸುಕಾಗಿ ಬಂದು ಕ್ರಮೇಣ ಸ್ಪಷ್ಟವಾಗುತ್ತಿತ್ತು. ಅದರಲ್ಲಿ ಯಾವ ಗಂಡೂ ಮೊದಲ ನೋಟಕ್ಕೆ ಚೆನ್ನಾಗಿಯೇ ಕಾಣುತ್ತಿದ್ದ.

ಈಗ ವೇಗ ಬಂದಿದೆ, ಜೊತೆಗೆ ಚಿತ್ರಗಳೂ ಊದಿಕೊಂಡಿವೆ. ಫೋನಿನಲ್ಲಿ ತೆಗೆದ ಸಾಧಾರಣ ಫೋಟೊ 4000 ಚುಕ್ಕೆ ಅಗಲ, 3000 ಎತ್ತರ. ಪುಟದಲ್ಲಿ ಅದಕ್ಕೆ ಸಿಗುವ ಜಾಗ 800 ಅಗಲ ಇದ್ದರೆ ಅದೇ ಹೆಚ್ಚು. ಅಂದರೆ ಕಾಣುವುದಕ್ಕಿಂತ ಇಪ್ಪತ್ತೈದು ಪಟ್ಟು ಚುಕ್ಕೆಗಳು ಸುಮ್ಮನೆ ಪ್ರಯಾಣ ಮಾಡಿ ಬರುತ್ತವೆ. ಹಾಗೆ ಇಳಿದ ನಾಲ್ಕು ಎಂಬಿಯ ಚಿತ್ರಕ್ಕೆ ಹಿಂದಿನ ಟೆಲಿಫೋನ್ ಮೋಡೆಮ್ಮಿನಲ್ಲಿ ಹತ್ತಿರ ಹತ್ತಿರ ಹತ್ತು ನಿಮಿಷ ಬೇಕಾಗುತ್ತಿತ್ತು. ಇಂದಿಗೂ ಘಟ್ಟದ ಹಳ್ಳಿಯ ಒಂದೂವರೆ ಕಡ್ಡಿ ಸಿಗ್ನಲಿನಲ್ಲಿ ಅದು ಬರುವುದು ಕಷ್ಟ. ಅದಕ್ಕೇ ಅಕ್ಕನ ಮಗ ನಮ್ಮ ಫೋಟೊಗಳನ್ನೆಲ್ಲ ಕುಗ್ಗಿಸಿದ. ಜೆಪೆಗ್ ಎಂಬ ಬಗೆ ಈ ಕುಗ್ಗಿಸುವುದರಲ್ಲಿ ಬಹಳ ಚಾಲಾಕಿಯದು. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿಯುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಹಿಡಿಯುವುದಿಲ್ಲ. ಅದು ಗೊತ್ತಿರುವುದರಿಂದ ಜೆಪೆಗ್ ಬಣ್ಣದ ವಿವರವನ್ನು ಧಾರಾಳವಾಗಿ ಕೈಬಿಡುತ್ತದೆ. ಮುಖಗಳಿಗೆ, ಮರಗಳಿಗೆ, ರೇಷ್ಮೆ ಸೀರೆಗೆ ಇದು ಒಗ್ಗುತ್ತದೆ. ಆದರೆ ಅಜ್ಜನ ಕಾಲದ ಲಗ್ನಪತ್ರಿಕೆಯನ್ನು ಹಾಗೆ ಕುಗ್ಗಿಸಿದರೆ ಪ್ರತಿ ಅಕ್ಷರದ ಸುತ್ತ ಧೂಳು ಕೂತಂತಾಗುತ್ತದೆ. ಅದಕ್ಕೆ ಪಿಎನ್‌ಜಿ ಎಂಬ ಇನ್ನೊಂದು ಬಗೆ ಬೇಕು. ಅದು ಕುಗ್ಗಿಸುವುದು ಕಡಿಮೆ, ಏನನ್ನೂ ಕೈಬಿಡುವುದಿಲ್ಲ.

ಅಕ್ಷರದ ಮಾತು ಬಂದಿತು. ಕನ್ನಡದವರಿಗೂ ಜಾಲದ ಚಿತ್ರಗಳಿಗೂ ಹಳೆಯ ನಂಟಿದೆ. ಎಲ್ಲ ಭಾಷೆಯ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್ ಎಲ್ಲ ಕಂಪ್ಯೂಟರುಗಳಿಗೆ ಬರುವ ಮುಂಚೆ ಕನ್ನಡ ಪುಟ ತೆರೆದರೆ ಎದುರಿಗೆ ಬರುತ್ತಿದ್ದುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅರ್ಥವಿಲ್ಲದ ಕಲಸುಮೇಲೋಗರ. ಓದಬೇಕಾದವರು ಮೊದಲು ಆ ತಾಣದ ಫಾಂಟ್ ಇಳಿಸಿಕೊಳ್ಳಬೇಕು. ಅದಾಗದಿದ್ದರೆ ಬರೆದ ಕನ್ನಡವನ್ನೇ ಚಿತ್ರ ಮಾಡಿ ಹಾಕುವ ಉಪಾಯವಿತ್ತು. ಕವನವೂ ಚಿತ್ರ, ಶ್ರದ್ಧಾಂಜಲಿಯೂ ಚಿತ್ರ, ಉಪ್ಪಿನಕಾಯಿ ಮಾಡುವ ವಿಧಾನವೂ ಚಿತ್ರ. ಒಂದು ಅಕ್ಷರ ತಪ್ಪಿದರೆ ಇಡೀ ಚಿತ್ರ ಹೊಸದಾಗಿ ಮಾಡಬೇಕು, ಹುಡುಕಿದರೆ ಒಂದು ಪದವೂ ಸಿಗದು. ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಶುಭೋದಯವನ್ನು ಗುಲಾಬಿ ಹೂವಿನ ಮೇಲೆ ಬರೆದು ಚಿತ್ರವಾಗಿಯೇ ಕಳಿಸುವವರನ್ನು ನೋಡಿದರೆ ಆ ಅಭ್ಯಾಸ ಬೇಗ ಬಿಡುವಂಥದ್ದಲ್ಲ.

ಕನ್ನಡ ಮೇಲೆ ಬಂತೆಂದು ನಾನು ಫೋಟೊಗಳ ಕಡತಕ್ಕೂ ಕನ್ನಡದಲ್ಲೇ ಹೆಸರಿಡು ಎಂದೆ. ಹುಡುಗ ‘ಅಜ್ಜಿ’ ಎಂದು ಒಂದಕ್ಕೆ ಹೆಸರಿಟ್ಟು ವಿಳಾಸವನ್ನು ನಕಲು ಮಾಡಿ ನನಗೆ ಕಳಿಸಿದ. ಅದು ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ, ಮತ್ತೆ ಶೇಕಡಾ ಚಿಹ್ನೆ ಎಂದು ಸಾಲುಗಟ್ಟಿತ್ತು. ಕನ್ನಡದ ಒಂದೊಂದು ಸಂಕೇತಕ್ಕೂ ವಿಳಾಸದಲ್ಲಿ ಒಂಬತ್ತು ಗುರುತು ಬೇಕಂತೆ, ಅಜ್ಜಿಯಲ್ಲಿ ಒತ್ತು, ಗುಣಿತ ಸೇರಿ ಅಂಥ ಐದು ಸಂಕೇತ, ಒಟ್ಟು ನಲವತ್ತೈದು. ಬಾಳಿದ ಕಾಲಕ್ಕೆ ಇಷ್ಟು ಉದ್ದದ ಹೆಸರಿನಿಂದ ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಹಾಗಾಗಿ ಹೆಸರುಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಆದವು. ಸಣ್ಣ ಅಕ್ಷರವೇ ಏಕೆಂದರೆ ಬಹಳಷ್ಟು ಸರ್ವರುಗಳಿಗೆ ದೊಡ್ಡ ಅಕ್ಷರದ ಅಜ್ಜಿ ಬೇರೆ, ಸಣ್ಣ ಅಕ್ಷರದ ಅಜ್ಜಿ ಬೇರೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರನ್ನು ತೋರಿಸುವುದಿಲ್ಲ; ಒಡೆದ ಚಿತ್ರದ ಗುರುತು ಹಾಕಿ ಕೈಮುಗಿಯುತ್ತವೆ.

ಇನ್ನು ಕಳ್ಳತನದ ವಿಚಾರ. ಚಿತ್ರವನ್ನು ನಕಲು ಮಾಡಿಕೊಂಡು ಹೋಗುವವನು ಒಂದು ಬಗೆ. ನಮ್ಮ ಸರ್ವರಿನಲ್ಲೇ ಇರಲಿ ಎಂದು ಬಿಟ್ಟು ತನ್ನ ಪುಟದಲ್ಲಿ ತೋರಿಸುವವನು ಇನ್ನೊಂದು ಬಗೆ. ಜನ ನೋಡುವುದು ಅವನ ಪುಟ, ಸಾಗಣೆಯ ಖರ್ಚು ನಮ್ಮದು. ಹೀಗೆ ತೋರಿಸುತ್ತಿರುವವನನ್ನು ಕಂಡುಹಿಡಿದ ಕೆಲವರು ಅದೇ ಹೆಸರಿನಲ್ಲಿ ಬೇರೆ ಚಿತ್ರ ಇಟ್ಟು, ಬೆಳಗಾಗುವುದರೊಳಗೆ ಅವನ ಮರ್ಯಾದೆ ತೆಗೆದದ್ದುಂಟು. ಹಾಗೆ ಮಾಡುವ ಧೈರ್ಯವಿಲ್ಲದವರು ಚಿತ್ರದ ಮೇಲೆ ತಮ್ಮ ಹೆಸರು ಬರೆಯುತ್ತಾರೆ. ಬೇಲೂರಿನ ಶಿಲಾಬಾಲಿಕೆಯ ಸೊಂಟದ ಮೇಲೆ ಫೋಟೊ ತೆಗೆದವನ ಹೆಸರು, ಮೊಬೈಲ್ ನಂಬರು, ಮದುವೆ ಆರ್ಡರ್ ತೆಗೆದುಕೊಳ್ಳುತ್ತೇವೆ ಎಂಬ ಸಾಲು ನೋಡಿದ್ದೇನೆ. ಸೋಮನಾಥಪುರದ ವಿಗ್ರಹಗಳನ್ನು ಕಡೆದ ರೂವಾರಿ ಮಲ್ಲಿತಮ್ಮನಿಗೂ ಹೆಸರಿನ ಆಸೆ ಇತ್ತು; ತಾನು ಕಡೆದುದರಲ್ಲಿ ಸಹಿ ಹಾಕಿದ್ದಾನೆ. ಆದರೆ ಹಾಕಿದ್ದು ಕೆಳಗೆ, ಪೀಠದ ಹತ್ತಿರ. ಅಷ್ಟು ಕಡೆದವನೇ ಬಗ್ಗಿ ನೋಡುವವರಿಗೆ ಮಾತ್ರ ಕಾಣಲಿ ಎಂದಿರುವಾಗ, ಗುಂಡಿ ಒತ್ತಿದವನಿಗೆ ಸೊಂಟ ಏಕೆ ಬೇಕೋ ಕಾಣೆ.

ಸೋದರತ್ತೆ ಕಳಿಸಿದ ಹೊಸ ಫೋಟೊಗಳ ಬಗ್ಗೆ ಹುಡುಗ ಇನ್ನೊಂದು ಎಚ್ಚರಿಕೆ ಹೇಳಿದ. ಫೋನಿನ ಚಿತ್ರದ ಒಳಗೆ ಅದನ್ನು ತೆಗೆದ ದಿನ, ಹೊತ್ತು, ಕೆಲವೊಮ್ಮೆ ಜಾಗದ ಅಕ್ಷಾಂಶ ರೇಖಾಂಶ ಕೂಡ ಅಡಗಿರುತ್ತವೆ. 2012ರಲ್ಲಿ ಪೊಲೀಸರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿರುವುದು ಜಗತ್ತಿಗೆ ಗೊತ್ತಾದದ್ದು ಪತ್ರಕರ್ತರು ಹಾಕಿದ ಅಂಥದೊಂದು ಚಿತ್ರದಿಂದ. ವೈರಸ್ಸಿನಿಂದ ಕಂಪ್ಯೂಟರ್ ಕಾಯುವ ತಂತ್ರಾಂಶದಿಂದ ಹೆಸರು ಮಾಡಿದವನಿಗೇ ಈ ಗತಿ. ಅತ್ತೆಯ ಫೋಟೊದಲ್ಲಿ ಅವರು ಕಾಸಿನ ಸರ, ಅವಲಕ್ಕಿ ಸರ, ಎರಡೆಳೆ ಕರಿಮಣಿ ಎಲ್ಲವನ್ನೂ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದಾರೆ. ಒಡವೆಯ ಪಟ್ಟಿ ಮೇಲುಗಡೆ, ಮನೆಯ ದಾರಿ ಒಳಗಡೆ. ಅವನು ಒಳಗಿನದನ್ನು ಅಳಿಸಿ ಹಾಕಿದ. ಅಷ್ಟು ಮಾಡಿದರೂ ಅತ್ತೆ ತಾಣವನ್ನು ತೆರೆದು ನೋಡಲಿಲ್ಲ. “ಲಿಂಕ್ ಒತ್ತಿದ್ರೆ ಬ್ಯಾಂಕಲ್ಲಿರೋ ದುಡ್ಡು ಹೋಗತ್ತಂತೆ ಕಣೋ. ನೀನು ವಾಟ್ಸಾಪಲ್ಲೇ ಕಳ್ಸು.”

ಕೊನೆಗೆ ಉಳಿದದ್ದು ಪ್ರತಿ ಚಿತ್ರಕ್ಕೂ ಒಂದು ಸಾಲು ವಿವರಣೆ. ಚಿತ್ರ ಬಾರದಿದ್ದರೆ ಅದರ ಜಾಗದಲ್ಲಿ ಈ ಸಾಲು ಕಾಣುತ್ತದೆ. ಕಣ್ಣು ಕಾಣದವರಿಗೆ ಅವರ ಕಂಪ್ಯೂಟರು ಇದನ್ನೇ ಓದಿ ಹೇಳುತ್ತದೆ. ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಓದುತ್ತದೆ. ಹೀಗೆ ಓದುವ ಎನ್‌ವಿಡಿಎ ಎಂಬ ಬಿಟ್ಟಿ ತಂತ್ರಾಂಶವನ್ನು ಕಟ್ಟಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು. ಬಹಳಷ್ಟು ತಾಣಗಳಲ್ಲಿ ಈ ಸಾಲನ್ನು ಖಾಲಿ ಬಿಟ್ಟಿರುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಈಗ ದೃಷ್ಟಿ ಮಂದ. ಅವರಿಗಾಗಿಯಾದರೂ ಬರೆಯಲೇಬೇಕೆಂದು ಕೂತೆವು.

ನಮ್ಮ ಗ್ರೂಪ್ ಫೋಟೊಗಳಿಗೆ ಇದು ಹೊಸತೇನಲ್ಲ. ನಿಂತವರು ಎಡದಿಂದ ಬಲಕ್ಕೆ, ಕುಳಿತವರು ಎಡದಿಂದ ಬಲಕ್ಕೆ ಎಂದು ಕೆಳಗೆ ಬರೆಯುವುದು ಹಿಂದಿನಿಂದ ಬಂದದ್ದೇ. ತೊಡಕಾದದ್ದು ಒಂದೇ ಫೋಟೊದಲ್ಲಿ. ನಡುವೆ ಅಜ್ಜಿ ಕೂತಿದ್ದಾರೆ, ತೊಡೆಯ ಮೇಲೆ ಒಂದು ಮಗು. ಅದು ನಾನೇ ಎಂದು ಮೈಸೂರಿನ ದೊಡ್ಡಪ್ಪನ ಮಗ, ನಾನೇ ಎಂದು ಸೋದರತ್ತೆ, ಖಂಡಿತ ನಾನೇ ಎಂದು ನ್ಯೂಜೆರ್ಸಿಯ ಭಾವ. ಮೂವರ ಹತ್ತಿರವೂ ಪುರಾವೆ ಇದೆ: ಒಬ್ಬರಿಗೆ ಕಿವಿಯ ಲೋಲಾಕು, ಒಬ್ಬರಿಗೆ ಬೆಳ್ಳಿ ಉಡಿದಾರ, ಭಾವನಿಗೆ ಅಮ್ಮ ಹೇಳಿದ ಮಾತು. ವಾರಗಟ್ಟಲೆ ಫೋನು ನಡೆಯಿತು.

“ಏನ್ ಬರೀಲಿ ಮಾಮ?” ಎಂದ ಹುಡುಗ.

“ಹೆಸರು ಬೇಡ. ಕಂಡದ್ದು ಬರಿ. ಅಜ್ಜಿಯ ತೊಡೆಯ ಮೇಲೆ ಒಂದು ಮಗು. ಬಾಯಿ ತೆರೆದು ಅಳುತ್ತಿದೆ, ಮೂಗು ಸುರಿಯುತ್ತಿದೆ, ಚಡ್ಡಿ ಇಲ್ಲ.”

ಹಾಗೆಯೇ ಬರೆದ. ಮರುದಿನದಿಂದ ಆ ಮಗುವನ್ನು ಯಾರೂ ಕೇಳಿಲ್ಲ.