ನಿರ್ದೇಶಕ ಚಿಕ್ಕಪ್ಪನವರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಚಿಕ್ಕಪ್ಪನವರಿಗೆ ನಿಮ್ಮ ಅಣ್ಣನ ಮಗಳು ಮಾಡುವ ನಮಸ್ಕಾರಗಳು.

ಈ ಕಾಗದವನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೇ ಹಾಕಬಹುದಿತ್ತು. ಆದರೆ ನಿಮ್ಮ ಟೀಸರ್, ಟ್ರೇಲರ್, ಮೇಕಿಂಗ್ ವಿಡಿಯೊಗಳ ಅಡಿಯಲ್ಲಿ ಅದು ಹೂತುಹೋಗುತ್ತಿತ್ತು. ಅದಕ್ಕೇ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ಬ್ಯಾಂಕಿನಿಂದ ನಿವೃತ್ತರಾದ ನಿಮ್ಮ ವಾರಿಗೆಯವರು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಸೈಟಿನ ವ್ಯಾಜ್ಯ ನಡೆಸುತ್ತಾರೆ. ನೀವು ಫೋನು ಅಲುಗದಂತೆ ಹಿಡಿಯುವ ಗಿಂಬಲ್ ಕೊಂಡಿರಿ. ಚಿಕ್ಕಮ್ಮನ ಹೊಲಿಗೆ ಮಷೀನು ಇದ್ದ ಮೂಲೆ ಈಗ ಎಡಿಟಿಂಗ್ ರೂಮು. ಮಷೀನು ವರಾಂಡಕ್ಕೆ ಹೋಯಿತು, ಅದರ ಹಿಂದೆಯೇ ಚಿಕ್ಕಮ್ಮನೂ ಹೋದರು. ಕಲೆಗೆ ಇಷ್ಟಾದರೂ ತ್ಯಾಗ ಬೇಡವೇ?

ನಮ್ಮ ಹೊಸ ಮನೆಯ ಗೃಹಪ್ರವೇಶವನ್ನು ನೀವು ಒಂದೂವರೆ ಗಂಟೆಯ ಚಿತ್ರ ಮಾಡಿದ್ದೀರಿ. ಅದು ಮೊದಲ ಭಾಗವಂತೆ. ಹಸು ಹೊಸ್ತಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸಿದ ಒಂದು ಸೆಕೆಂಡೂ ಬಿಟ್ಟುಹೋಗಿಲ್ಲ. ಹಾಲು ಉಕ್ಕಿದ್ದನ್ನು ಮೂರು ಕೋನದಿಂದ, ಸ್ಲೋ ಮೋಷನ್ನಿನಲ್ಲಿ, ಮೂರನೇ ಅಂಪೈರ್‌ಗೆ ಕಳಿಸಿದ ರನ್ ಔಟಿನ ಹಾಗೆ ತೋರಿಸಿದ್ದೀರಿ. ಇನ್ನು ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗಿನ ಟ್ರಾನ್ಸಿಶನ್ನುಗಳು! ಪರದೆ ಗಾಜಿನಂತೆ ಒಡೆದು ಉದುರಿತು, ಪುಟವಾಗಿ ಮಗುಚಿತು, ಕೊನೆಗೆ ಕೆಂಪು ಹೃದಯವೊಂದು ಬಿರಿದು ಅದರೊಳಗಿಂದ ಪುರೋಹಿತರು ಹೊರಬಂದರು. ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟುಗಳ ಆ ಪರಂಪರೆ ಅಳಿದುಹೋಯಿತೆಂದುಕೊಂಡಿದ್ದೆವು.

ಹಾಲ್‌ನ ದೃಶ್ಯಗಳಲ್ಲಿ ಕಪ್ಪು ಪಟ್ಟೆಗಳು ತೆವಳುತ್ತಿದ್ದವಲ್ಲ, ಅದನ್ನು ನೀವು ಎಫೆಕ್ಟ್ ಎಂದಿರಿ. ಅದು ನಮ್ಮ ವಿದ್ಯುತ್ತಿನ ಎಫೆಕ್ಟ್. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಫೋನನ್ನು ಸೆಕೆಂಡಿಗೆ 25 ಫ್ರೇಮಿಗೆ, ಶಟರನ್ನು 1/50 ಸೆಕೆಂಡಿಗೆ ಇಟ್ಟರೆ ಪಟ್ಟೆ ಮಾಯವಾಗುತ್ತದೆ. ಇಷ್ಟು ಅಧಿಕಪ್ರಸಂಗ ಮನ್ನಿಸಿ.

ನಿಮ್ಮ ಕುಲಕ್ಕೆ ಮೂಲಪುರುಷನೊಬ್ಬನಿದ್ದಾನೆ, ಗೊತ್ತೇ? 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರಲ್ಲಿ ಅಣ್ಣ ಆಗುಸ್ತ್ ಮತ್ತು ಅವನ ಹೆಂಡತಿ ತಮ್ಮ ಮಗುವಿಗೆ ತಿನ್ನಿಸುತ್ತಿದ್ದುದನ್ನು ತಮ್ಮ ಲೂಯಿ ಚಿತ್ರೀಕರಿಸಿದ. ಅಂದರೆ ಕ್ಯಾಮೆರಾದ ಹಿಂದೆ ನಿಂತಿದ್ದವನು ಆ ಮಗುವಿನ ಚಿಕ್ಕಪ್ಪ! ಆ ವರ್ಷದ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಟಿಕೆಟ್ ಕೊಂಡ ಜನಕ್ಕೆ ತೋರಿಸಿದ ಚಿತ್ರಗಳಲ್ಲಿ ಅದೂ ಒಂದು. ನೋಡಿದವರು ಮಗುವಿನ ಹಿಂದೆ ಗಾಳಿಗೆ ಅಲುಗಾಡುತ್ತಿದ್ದ ಎಲೆಗಳಿಗೇ ಬೆರಗಾದರೆಂದು ಹೇಳುತ್ತಾರೆ. ಎಲೆಗಳಿಗೆ ಯಾರೂ ಆಕ್ಷನ್ ಹೇಳಿರಲಿಲ್ಲ. ಮತ್ತೆ, ಆ ಚಿತ್ರ ಒಂದು ನಿಮಿಷವೂ ಇಲ್ಲ.

ಆಗಿನವರಿಗೆ ಬೇರೆ ದಾರಿ ಇರಲಿಲ್ಲ ಅನ್ನಿ. 1965ರಲ್ಲಿ ಮನೆಮಂದಿಗೆಂದೇ ಬಂದ ಸೂಪರ್ 8 ಫಿಲ್ಮಿನ ಒಂದು ಕಾರ್ಟ್ರಿಜ್ ಓಡುತ್ತಿದ್ದುದೂ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ಹಸುವೋ ಹಾಲೋ ಎಂದು ತೀರ್ಮಾನಿಸಬೇಕಿತ್ತು. ನಿಮ್ಮ ಫೋನಿಗೆ ಅಂಥ ದಾರಿದ್ರ್ಯವಿಲ್ಲ.

ಆದರೂ ನೀವು ಸೋವಿಯತ್ ಸಿನಿಮಾ ಗುರು ಕುಲೆಶೋವನ ಮಟ್ಟ ಮುಟ್ಟಿದ್ದೀರಿ. ಅವನು ಒಬ್ಬ ನಟನ ಒಂದೇ ಮುಖಭಾವದ ಪಕ್ಕದಲ್ಲಿ ಒಮ್ಮೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವಪೆಟ್ಟಿಗೆ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಮೊದಲು ಹಸಿವು, ಆಮೇಲೆ ದುಃಖ ಕಂಡಿತಂತೆ. ನೀವು ಹೋಮದ ಹೊಗೆಗೆ ಅಪ್ಪನ ಕಣ್ಣಲ್ಲಿ ನೀರು ಬಂದ ಶಾಟಿಗೆ ಮೇಸ್ತ್ರಿಗೆ ಶಾಲು ಹೊದಿಸುವ ಶಾಟು ಅಂಟಿಸಿದಿರಿ. ಅಪ್ಪ ಸಾಲದಲ್ಲಿ ಮುಳುಗಿದ್ದಾರೆಂದು ಈಗ ಬೀಗರ ಕಡೆಯವರೆಲ್ಲ ನಂಬಿದ್ದಾರೆ. ಇಬ್ಬರು ವಿಚಾರಿಸಿಕೊಂಡೂ ಹೋದರು.

ಇಷ್ಟೆಲ್ಲ ಇದ್ದರೂ ಒಂದು ಕಡೆ ಮಾತ್ರ ನೀವು ಕತ್ತರಿ ಆಡಿಸಿದ್ದೀರಿ, ಅದಕ್ಕೇ ಈ ಪತ್ರ. ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ ನಿಮ್ಮ ಅಮ್ಮ, ಅಂದರೆ ನಮ್ಮ ಅಜ್ಜಿ, ಹಳೇ ಮನೆಯ ಗೃಹಪ್ರವೇಶದ ಕಥೆ ಹೇಳುತ್ತಿದ್ದರು. ಮುಹೂರ್ತಕ್ಕೆ ಸರಿಯಾಗಿ ಸೀಮೆಎಣ್ಣೆ ಸ್ಟೌ ಕೈಕೊಟ್ಟು, ತಾತ ಹಾಲಿನ ಪಾತ್ರೆ ಹಿಡಿದು ಪಕ್ಕದ ಮನೆಗೆ ಓಡಿ, ಅವರ ಒಲೆಯ ಮೇಲೆ ಉಕ್ಕಿಸಿಕೊಂಡು ಬಂದರಂತೆ. ‘ಅದಕ್ಕೇ ನೋಡು, ಆ ವರ್ಷವೇ ಅವರು ಅಂಬಾಸಿಡರ್ ಕೊಂಡರು, ನಮಗೆ ಸೈಕಲ್ಲೇ ಗತಿ’ ಅಂದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಿಮ್ಮ ಚಿತ್ರದಲ್ಲಿ ಅಜ್ಜಿಯ ತುಟಿ ಮಾತ್ರ ಅಲುಗಾಡುತ್ತದೆ. ಮೇಲೆ ಕೊಳಲು, ಕೆಳಗೆ ಚಿನ್ನದ ಅಕ್ಷರದಲ್ಲಿ ‘ಹಿರಿಯರ ಆಶೀರ್ವಾದ’. ಎಂಟು ಸೆಕೆಂಡಿಗೆ ಮತ್ತೆ ಹಸು. ಚಿತ್ರಗೀತೆ ಹಾಕಿದರೆ ಹಕ್ಕುಸ್ವಾಮ್ಯದ ತಕರಾರೆಂದು ಕೊಳಲು ಹಾಕಿದಿರಿ, ಸರಿ. ಅಜ್ಜಿಯ ಮಾತಿಗೆ ಯಾರ ತಕರಾರಿತ್ತು?

ಅಜ್ಜಿಯ ಧ್ವನಿಯನ್ನು ದೃಶ್ಯದಿಂದ ಬೇರ್ಪಡಿಸಿ ಟೈಮ್‌ಲೈನಿನಲ್ಲಿ ಉದ್ದಕ್ಕೂ ಮಲಗಿಸಿ. ಅವರು ಮಾತಾಡುತ್ತಿರಲಿ, ಅದರ ಮೇಲೆ ನಿಮ್ಮ ಹಾಲು ಉಕ್ಕಲಿ. ಕಸುಬಿನವರು ಇದನ್ನು ಎಲ್ ಕಟ್ ಎನ್ನುತ್ತಾರೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಹೃದಯ ಬಿರಿಸುವುದಕ್ಕಿಂತ ಸುಲಭ. ಕೊಳಲು ಬೇಕೇ ಬೇಕೆಂದರೆ ಅಜ್ಜಿ ಉಸಿರೆಳೆದುಕೊಳ್ಳುವ ಕಡೆ ಇರಲಿ.

ಹಾರ್ಡ್ ಡಿಸ್ಕ್ ತುಂಬಿತೆಂದು ನೀವು ಹಳೇ ಕ್ಲಿಪ್ಪುಗಳನ್ನು ಅಳಿಸಲು ಕೂತಿದ್ದೀರೆಂದು ಚಿಕ್ಕಮ್ಮ ವರಾಂಡದಿಂದ ಫೋನು ಮಾಡಿದ್ದರು. ತಮ್ಮನ ಕೈಯಲ್ಲಿ ಪೆನ್ ಡ್ರೈವ್ ಕಳಿಸುತ್ತಿದ್ದೇನೆ. ಅಜ್ಜಿ ಮಾತಾಡಿದ್ದೆಲ್ಲ ಹೇಗಿದೆಯೋ ಹಾಗೇ ತುಂಬಿಸಿ ಕೊಡಿ. ಜಾಗ ಸಾಲದಿದ್ದರೆ ಹಸುವನ್ನು ಅಳಿಸಿ.

ಇತಿ ನಿಮ್ಮ ಆಶೀರ್ವಾದ ಬೇಡುವ,
ಅಣ್ಣನ ಮಗಳು

ವಿ.ಸೂ.: ಎರಡನೇ ಭಾಗದಲ್ಲಿ ಅಜ್ಜಿಯ ಕಥೆ ಹಾಕುವುದಾದರೆ ಪಕ್ಕದ ಮನೆಯವರ ಹೆಸರು ಬಂದ ಕಡೆ ಒಂದು ಬೀಪ್ ಇರಲಿ. ಅವರೂ ನಿಮ್ಮ ಚಾನೆಲ್ಲಿನ ಚಂದಾದಾರರು.